ಆರು ಗೆರೆ, ಅರವತ್ನಾಲ್ಕು ರೂಪ

ಚೀನಾದ ಪ್ರಾಚೀನ ಶಕುನಗ್ರಂಥ ‘ಐ ಚಿಂಗ್’ನ 64 ಚಿಹ್ನೆಗಳು 2003ರಲ್ಲಿ ಯೂನಿಕೋಡಿನ 4.0 ಆವೃತ್ತಿಯೊಂದಿಗೆ ಕಂಪ್ಯೂಟರಿನ ಅಕ್ಷರಸಾಲಿಗೆ ಸೇರಿದವು. ಒಂದರ ಮೇಲೊಂದು ಆರು ಅಡ್ಡಗೆರೆ. ಪ್ರತಿ ಗೆರೆಯೂ ಇಡಿಯಾಗಿರಬೇಕು, ಇಲ್ಲವೇ ನಡುವೆ ತುಂಡಾಗಿರಬೇಕು. ಅಷ್ಟರಲ್ಲೇ 64 ರೂಪ! ಗಿಡದ ಕಡ್ಡಿಗಳನ್ನು ಎಣಿಸುತ್ತ, ಕೆಳಗಿನಿಂದ ಮೇಲಕ್ಕೆ ಗೆರೆ ಕಟ್ಟಿ ಶಕುನ ನೋಡುತ್ತಿದ್ದರು.

ನನಗೆ ಬಹಳ ಹಿಡಿಸಿದ್ದು, ಯೂನಿಕೋಡ್ ಅವುಗಳ ಹಳೆಯ ಕ್ರಮವನ್ನು ಕದಲಿಸದೆ ಉಳಿಸಿಕೊಂಡದ್ದು. ಲೆಕ್ಕಕ್ಕೆ ಸುಲಭವಾಗುವಂತೆ ಮರುಜೋಡಿಸಬಹುದಿತ್ತು. ಆದರೆ ದೊರೆ ವೆನ್‌ನದೆಂದು ಪರಂಪರೆ ಹೇಳುವ ಕ್ರಮವೇ ಅಲ್ಲಿದೆ. ಅದರಲ್ಲಿ ಚಿಹ್ನೆಗಳು ಜೋಡಿಜೋಡಿಯಾಗಿ ಬರುತ್ತವೆ: ಒಂದನ್ನು ತಲೆಕೆಳಗು ಮಾಡಿದರೆ ಇನ್ನೊಂದು. ತಿರುಗಿಸಿದರೂ ಬದಲಾಗದ ಎಂಟಕ್ಕೆ ಮಾತ್ರ ಇಡಿಗೆರೆ, ತುಂಡುಗೆರೆಗಳ ಅದಲುಬದಲು. 63ನೆಯದು ‘ಕೆಲಸ ಮುಗಿಯಿತು’, ಕಟ್ಟಕಡೆಯದು ‘ಇನ್ನೂ ಮುಗಿದಿಲ್ಲ’. ಎಂಥ ಸೊಗಸಾದ ಜೋಡಣೆ!

ಜರ್ಮನಿಯ ಲೈಬ್ನಿಟ್ಸ್ ದ್ವಿಮಾನ ಗಣಿತದ ಕುರಿತ 1703ರ ತನ್ನ ಪ್ರಬಂಧದಲ್ಲಿ, ಈ ಗೆರೆಗಳಲ್ಲಿ ಸೊನ್ನೆ, ಒಂದುಗಳನ್ನೇ ಕಂಡಿದ್ದ. ಅದೇ ಸೊನ್ನೆ, ಒಂದುಗಳ ಯಂತ್ರದೊಳಗೆ ಈಗ ಅವು ನೆಲೆಸಿವೆ.

ಯೂನಿಕೋಡಿನಲ್ಲಿ ಇವುಗಳ ಸಂಖ್ಯೆ 19904ರಿಂದ 19967. ಮುಂದಿನ ಸಂಖ್ಯೆಯಿಂದಲೇ ಚೀನೀ ಲಿಪಿಯ ಮುಖ್ಯ ವಿಭಾಗ ಶುರುವಾಗುತ್ತದೆ. ಅದರ ಮೊದಲ ಅಕ್ಷರದ ಅರ್ಥ ‘ಒಂದು’. ಆಕಾರ, ಒಂದೇ ಒಂದು ಅಡ್ಡಗೆರೆ.