ಮಹಿಳಾ ವಿಭಾಗದ ಗೆರೆ

ಮಹಿಳೆಯರಿಗೆ ಪ್ರತ್ಯೇಕ ವಿಭಾಗ ಇಲ್ಲದಿದ್ದರೆ ಒಲಿಂಪಿಕ್ಸ್ ಓಟದ ಫೈನಲ್‌ಗಳಲ್ಲಿ ಒಬ್ಬ ಹೆಣ್ಣುಮಗಳೂ ಕಾಣುತ್ತಿರಲಿಲ್ಲ. ಟ್ರಾನ್ಸ್‌ಜೆಂಡರ್ ಕ್ರೀಡಾಪಟುಗಳ ಕುರಿತ ಚರ್ಚೆ ಶುರುವಾಗಬೇಕಾದದ್ದು ಇಲ್ಲಿಂದ. 100 ಮೀಟರ್ ಓಟದಲ್ಲಿ ಉಸೇನ್ ಬೋಲ್ಟ್ ದಾಖಲೆ 9.58 ಸೆಕೆಂಡ್, ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಅವರದು 10.49. 800 ಮೀಟರ್‌ನಲ್ಲಿ ಡೇವಿಡ್ ರುಡಿಶಾ 1 ನಿಮಿಷ 40.91 ಸೆಕೆಂಡ್, ಯಾರ್ಮಿಲಾ ಕ್ರಾಟೊಖ್ವಿಲೊವಾ 1 ನಿಮಿಷ 53.28 ಸೆಕೆಂಡ್. ಓಟದಲ್ಲಿ ಅಂತರ ಸರಿಸುಮಾರು ಶೇ 10ರಿಂದ 12. ಜಿಗಿತದಲ್ಲಿ ಇನ್ನೂ ಹೆಚ್ಚು: ಉದ್ದ ಜಿಗಿತದ ದಾಖಲೆ ಪುರುಷರಲ್ಲಿ 8.95 ಮೀಟರ್, ಮಹಿಳೆಯರಲ್ಲಿ 7.52. ಗುಂಡು ಎಸೆತದಲ್ಲಿ ನೇರ ಹೋಲಿಕೆಯೇ ಆಗದು. ಅಲ್ಲಿ ಗುಂಡಿನ ತೂಕವೇ ಬೇರೆ, ಪುರುಷರಿಗೆ 7.26 ಕೆ.ಜಿ., ಮಹಿಳೆಯರಿಗೆ 4.

ಈ ಅಂತರದ ಗಾತ್ರ ಅರಿಯಲು 400 ಮೀಟರ್ ಹರ್ಡಲ್ಸ್‌ನಷ್ಟು ಒಳ್ಳೆಯ ಸ್ಪರ್ಧೆ ಇನ್ನೊಂದಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡಿನಲ್ಲಿ ಗುರಿ ಮುಟ್ಟಿ ನಾಲ್ಕನೆಯವರಾದರು. ಕಂಚು ಗೆದ್ದ ರುಮೇನಿಯಾದ ಓಟಗಾರ್ತಿಯ ಸಮಯ 55.41. ಸೆಕೆಂಡಿನ ನೂರನೇ ಒಂದು ಭಾಗದ ಆ ಸೋಲನ್ನು ದೇಶ ಇವತ್ತಿಗೂ ಮರೆತಿಲ್ಲ. ಅದೇ ಸ್ಪರ್ಧೆಯಲ್ಲಿ ಕಾರ್ಸ್ಟನ್ ವಾರ್‌ಹೋಮ್ ಅವರ ವಿಶ್ವದಾಖಲೆ 45.94, ಸಿಡ್ನಿ ಮೆಕ್‌ಲಾಫ್ಲಿನ್ ಅವರದು 50.37. ಪುರುಷರು ದಾಟುವ ಹರ್ಡಲ್ 15 ಸೆಂಟಿಮೀಟರ್‌ನಷ್ಟು ಹೆಚ್ಚು ಎತ್ತರ. ಆದರೂ ವ್ಯತ್ಯಾಸ 4.43 ಸೆಕೆಂಡ್. ನೂರನೇ ಭಾಗದ ಲೆಕ್ಕದಲ್ಲಿ ಪದಕ ಹಂಚುವ ಆಟದಲ್ಲಿ ಇಷ್ಟು ದೊಡ್ಡ ಅಂತರಕ್ಕೆ ಗೋಡೆ ಕಟ್ಟಲೇಬೇಕು. ಮಹಿಳಾ ವಿಭಾಗ ಎಂದರೆ ಆ ಗೋಡೆ.

ಅಂತರ ಹುಟ್ಟುವುದು ಹರೆಯದಲ್ಲಿ. ಅದಕ್ಕೆ ಮುಂಚೆ ಹುಡುಗ ಹುಡುಗಿಯರ ಓಟದ ವೇಗದಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ. ಗಂಡಿನ ದೇಹದಲ್ಲಿ ಟೆಸ್ಟೊಸ್ಟೆರಾನ್ ಏರತೊಡಗಿದ ಮೇಲೆ ಮೂಳೆ ಉದ್ದವಾಗುತ್ತದೆ, ಭುಜ ಅಗಲವಾಗುತ್ತದೆ, ಸ್ನಾಯು ತುಂಬಿಕೊಳ್ಳುತ್ತದೆ, ಹೃದಯ ಮತ್ತು ಶ್ವಾಸಕೋಶ ಹಿಗ್ಗುತ್ತವೆ, ರಕ್ತದ ಹಿಮೊಗ್ಲೋಬಿನ್ ಹೆಚ್ಚುತ್ತದೆ. ವಯಸ್ಕ ಗಂಡಸಿನ ರಕ್ತದಲ್ಲಿ ಲೀಟರಿಗೆ ಸುಮಾರು 8ರಿಂದ 29 ನ್ಯಾನೊಮೋಲ್ ಟೆಸ್ಟೊಸ್ಟೆರಾನ್ ಇರುತ್ತದೆ. ಹೆಂಗಸಿನಲ್ಲಿ ಸಾಮಾನ್ಯವಾಗಿ 2ಕ್ಕೂ ಕಡಿಮೆ. ಈ ಎರಡು ಹರವುಗಳು ಒಂದರೊಳಗೊಂದು ಸೇರುವುದಿಲ್ಲ.

ಹಾಗಾದರೆ ಹರೆಯ ದಾಟಿದ ಟ್ರಾನ್ಸ್ ಮಹಿಳೆ ಔಷಧಿಯಿಂದ ಟೆಸ್ಟೊಸ್ಟೆರಾನ್ ತಗ್ಗಿಸಿದರೆ ಈ ಲಾಭವೆಲ್ಲ ಕರಗುವುದೇ? ಕೆಲವು ಕರಗುತ್ತವೆ, ಕೆಲವು ಇಲ್ಲ. ಹಿಮೊಗ್ಲೋಬಿನ್ ಮೂರು ನಾಲ್ಕು ತಿಂಗಳಲ್ಲಿ ಹೆಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಸ್ನಾಯುವಿನ ಪ್ರಮಾಣ ಒಂದು ವರ್ಷದಲ್ಲಿ ಇಳಿಯುವುದು ಶೇ 5ರಷ್ಟು ಮಾತ್ರ ಎಂದು 2021ರಲ್ಲಿ ಪ್ರಕಟವಾದ ಒಂದು ಸಮೀಕ್ಷಾ ಲೇಖನ ಲೆಕ್ಕ ಕೊಟ್ಟಿತು. ಎತ್ತರ, ಮೂಳೆಯ ಉದ್ದ ಇದ್ದಂತೆಯೇ ಉಳಿಯುತ್ತವೆ. ಅಮೆರಿಕದ ವಾಯುಪಡೆಯ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಎರಡು ವರ್ಷದ ಚಿಕಿತ್ಸೆಯ ನಂತರ ದಂಡ ಹೊಡೆಯುವುದರಲ್ಲಿ ವ್ಯತ್ಯಾಸ ಅಳಿಸಿಹೋಗಿತ್ತು, ಒಂದೂವರೆ ಮೈಲಿ ಓಟದಲ್ಲಿ ಶೇ 12ರ ಮುನ್ನಡೆ ಉಳಿದಿತ್ತು. ಇದಕ್ಕೆ ಎದುರಾಗಿ, ಒಲಿಂಪಿಕ್ ಸಮಿತಿಯ ಹಣದಿಂದ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಟ್ರಾನ್ಸ್ ಮಹಿಳೆಯರ ಹಿಡಿತ ಬಲವಾಗಿತ್ತು, ಜಿಗಿತದ ಎತ್ತರ ಉಳಿದ ಮಹಿಳೆಯರಿಗಿಂತ ಕಡಿಮೆಯಿತ್ತು. ಇಂಥ ಅಧ್ಯಯನಗಳಲ್ಲಿ ಅಳತೆಗೆ ಸಿಕ್ಕವರಲ್ಲಿ ಒಲಿಂಪಿಕ್ ಮಟ್ಟದ ಕ್ರೀಡಾಪಟುಗಳು ಇಲ್ಲವೆನ್ನುವಷ್ಟು ಕಡಿಮೆ. ಆದರೂ ವೇಗ ಮತ್ತು ಬಲದ ಸ್ಪರ್ಧೆಗಳ ಮಟ್ಟಿಗೆ ತಕ್ಕಡಿ ವಾಲಿರುವುದು ಒಂದೇ ಕಡೆಗೆ. ಹರೆಯ ಕೊಟ್ಟದ್ದನ್ನು ಮಾತ್ರೆ ಪೂರ್ತಿ ಹಿಂದಕ್ಕೆ ಪಡೆಯುವುದಿಲ್ಲ.

ಇಲ್ಲಿ ಒಂದು ಹಳೆಯ ವಾದಕ್ಕೆ ಉತ್ತರ ಕೊಡಬೇಕಾಗುತ್ತದೆ. ಮೈಕೆಲ್ ಫೆಲ್ಪ್ಸ್ ಅವರ ಚಾಚಿದ ತೋಳುಗಳ ಅಳತೆ ಅವರ ಎತ್ತರವನ್ನೂ ಮೀರಿತ್ತು, ಆ ಲಾಭವನ್ನು ಯಾರೂ ಪ್ರಶ್ನಿಸಲಿಲ್ಲ, ಹಾಗಾಗಿ ಹುಟ್ಟಿನಿಂದ ಬಂದ ಯಾವ ಲಾಭವೂ ಅನ್ಯಾಯವಲ್ಲ ಎನ್ನುವ ಪಂಥವೊಂದಿದೆ. ಕೇಳಲು ಚೆನ್ನಾಗಿರುವ ಈ ವಾದ ಕ್ರೀಡೆಯ ವಿಂಗಡಣೆಯನ್ನೇ ತಪ್ಪಾಗಿ ಓದುತ್ತದೆ. ಗಿಡ್ಡ ತೋಳಿನವರಿಗೆಂದು ಈಜಿನಲ್ಲಿ ಬೇರೆ ವಿಭಾಗವಿಲ್ಲ. ಕುಸ್ತಿಯಲ್ಲಿ ತೂಕಕ್ಕೆ ವಿಭಾಗವಿದೆ. 57 ಕೆ.ಜಿ. ವಿಭಾಗದ ಪೈಲ್ವಾನನ ಹಿಡಿತ ಎಷ್ಟೇ ಬಿಗಿಯಾಗಿರಲಿ, ಅದು ಅವನ ಪ್ರತಿಭೆ. 65 ಕೆ.ಜಿ. ತೂಗುವವನು ಅದೇ ಅಖಾಡಕ್ಕೆ ಇಳಿದರೆ ಅನ್ಯಾಯ. ಯಾವ ಲಾಭವನ್ನು ಹೊರಗಿಡಲೆಂದು ಗೆರೆ ಎಳೆಯಲಾಗಿದೆಯೋ ಆ ಲಾಭ ಗೆರೆಯ ಒಳಗೆ ಬಂದಾಗ ಮಾತ್ರ ನ್ಯಾಯದ ಪ್ರಶ್ನೆ ಏಳುತ್ತದೆ.

ಇನ್ನೆರಡು ಪಂಥಗಳು ಒಂದೊಂದು ಸ್ಪರ್ಧೆಯನ್ನೇ ಸಾಕ್ಷಿಯಾಗಿ ಹಿಡಿದು ಕೂತಿವೆ. ನ್ಯೂಜಿಲೆಂಡ್‌ನ ಟ್ರಾನ್ಸ್ ಮಹಿಳೆ ಲಾರೆಲ್ ಹಬ್ಬರ್ಡ್ ತಮ್ಮ 43ನೆಯ ವಯಸ್ಸಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ವೇಟ್‌ಲಿಫ್ಟಿಂಗ್‌ಗೆ ಇಳಿದು ಸ್ನ್ಯಾಚ್‌ನ ಮೂರೂ ಯತ್ನಗಳಲ್ಲಿ ವಿಫಲರಾದರು, ಆದ್ದರಿಂದ ಲಾಭ ಎನ್ನುವುದು ಕಟ್ಟುಕತೆ ಎನ್ನುತ್ತದೆ ಒಂದು. ಟ್ರಾನ್ಸ್ ಈಜುಗಾರ್ತಿ ಲಿಯಾ ಥಾಮಸ್ 2022ರಲ್ಲಿ ಅಮೆರಿಕದ ಕಾಲೇಜು ಈಜಿನ 500 ಗಜ ಫ್ರೀಸ್ಟೈಲ್ ಗೆದ್ದರು, ಆದ್ದರಿಂದ ಮಹಿಳಾ ಕ್ರೀಡೆಯ ಕತೆ ಮುಗಿಯಿತು ಎನ್ನುತ್ತದೆ ಮತ್ತೊಂದು. ಥಾಮಸ್ ಅವರ ಸಮಯ 4 ನಿಮಿಷ 33.24 ಸೆಕೆಂಡ್. ಕೇಟಿ ಲೆಡೆಕಿಯ ದಾಖಲೆ ಅದಕ್ಕಿಂತ ಒಂಬತ್ತು ಸೆಕೆಂಡ್ ಮುಂದಿತ್ತು. ಹಬ್ಬರ್ಡ್ ಸೋತರೂ ಒಂದು ಅರ್ಹತಾ ಸ್ಥಾನ ಅವರದಾಗಿತ್ತು. ಒಬ್ಬರ ಗೆಲುವಿನಿಂದಾಗಲಿ ಸೋಲಿನಿಂದಾಗಲಿ ನಿಯಮದ ನ್ಯಾಯವನ್ನು ಅಳೆಯಲಾಗದು. ಆ ಇಬ್ಬರೂ ಅಂದಿನ ನಿಯಮವನ್ನು ಪಾಲಿಸಿಯೇ ಸ್ಪರ್ಧಿಸಿದವರು. ಅವರ ಮೇಲೆ ಸುರಿದ ನಿಂದನೆಗೆ ಯಾವ ಸಮರ್ಥನೆಯೂ ಇಲ್ಲ.

ನಿಯಮಗಳು ಬದಲಾದ ಬಗೆಯನ್ನು ಚುಟುಕಾಗಿ ಹೇಳಬಹುದು. ಒಲಿಂಪಿಕ್ ಸಮಿತಿ 2003ರಲ್ಲಿ ಶಸ್ತ್ರಚಿಕಿತ್ಸೆ ಮತ್ತು ಎರಡು ವರ್ಷದ ಹಾರ್ಮೋನ್ ಚಿಕಿತ್ಸೆ ಕೇಳಿತು. 2015ರಲ್ಲಿ ಶಸ್ತ್ರಚಿಕಿತ್ಸೆ ಕೈಬಿಟ್ಟು, ಒಂದು ವರ್ಷ ಟೆಸ್ಟೊಸ್ಟೆರಾನ್ 10 ನ್ಯಾನೊಮೋಲ್‌ಗಿಂತ ಕೆಳಗಿದ್ದರೆ ಸಾಕೆಂದಿತು. ಸಾಮಾನ್ಯ ಹೆಣ್ಣಿನ ಮಟ್ಟದ ಐದು ಪಟ್ಟು ಮೀರಿದ ಈ ಮಿತಿಗೆ ವಿಜ್ಞಾನದ ಆಧಾರ ತೀರ ತೆಳುವಾಗಿತ್ತು. 2021ರಲ್ಲಿ ಸಮಿತಿ ಹೊಣೆಯನ್ನು ಆಯಾ ಕ್ರೀಡೆಯ ಒಕ್ಕೂಟಗಳಿಗೆ ದಾಟಿಸಿತು. ಈಜಿನ ಒಕ್ಕೂಟ 2022ರಲ್ಲಿ, ಅಥ್ಲೆಟಿಕ್ಸ್, ಸೈಕ್ಲಿಂಗ್ ಮತ್ತು ಕ್ರಿಕೆಟ್ 2023ರಲ್ಲಿ, ಗಂಡು ಹರೆಯ ದಾಟಿದವರಿಗೆ ಅಂತರರಾಷ್ಟ್ರೀಯ ಮಹಿಳಾ ವಿಭಾಗದ ಬಾಗಿಲು ಮುಚ್ಚಿದವು. ಈಜಿನವರು ಬರ್ಲಿನ್‌ನ ವಿಶ್ವಕಪ್‌ನಲ್ಲಿ ‘ಮುಕ್ತ ವಿಭಾಗ’ ಇಟ್ಟರು. ಒಬ್ಬರೂ ಹೆಸರು ಕೊಡಲಿಲ್ಲ. ಹೆಸರು ಕೊಡುವುದೆಂದರೆ ಲೋಕದೆದುರು ತನ್ನ ದೇಹದ ಚರಿತ್ರೆ ಸಾರುವುದೇ ಆಗಿರುವಾಗ ಯಾರು ತಾನೇ ಬಂದಾರು?

ಗೆರೆ ಇರುವುದು ಹರೆಯದ ಮೇಲೆ, ಗುರುತಿನ ಮೇಲಲ್ಲ ಎನ್ನುವುದಕ್ಕೆ ಕೆನಡಾದ ಫುಟ್‌ಬಾಲ್ ಆಟಗಾರ ಕ್ವಿನ್ ಒಳ್ಳೆಯ ನಿದರ್ಶನ. ಟ್ರಾನ್ಸ್ ಎಂದು ಬಹಿರಂಗವಾಗಿ ಹೇಳಿಕೊಂಡು ಒಲಿಂಪಿಕ್ ಚಿನ್ನ ಗೆದ್ದ ಮೊದಲಿಗರು ಕ್ವಿನ್. ಟೋಕಿಯೊದಲ್ಲಿ ಅವರು ಆಡಿದ್ದು ಮಹಿಳಾ ತಂಡದಲ್ಲಿ. ಹುಟ್ಟಿನಿಂದ ಹೆಣ್ಣುದೇಹವಾದ್ದರಿಂದ ಅವರ ಅರ್ಹತೆಯ ಬಗ್ಗೆ ತಕರಾರೇ ಏಳಲಿಲ್ಲ.

ಆದರೆ ಗೆರೆ ಎಳೆಯುವುದಕ್ಕಿಂತ ಅದನ್ನು ಕಾಯುವುದು ಕಷ್ಟ. ಕಾವಲಿನ ಇತಿಹಾಸದಲ್ಲಿ ಏಟು ತಿಂದವರು ಟ್ರಾನ್ಸ್ ಕ್ರೀಡಾಪಟುಗಳಲ್ಲ. ಹೆಣ್ಣಾಗಿಯೇ ಹುಟ್ಟಿ, ಹೆಣ್ಣಾಗಿಯೇ ಬೆಳೆದವರು. 1966ರ ಬುಡಾಪೆಸ್ಟ್ ಕೂಟದಲ್ಲಿ ಓಟಗಾರ್ತಿಯರನ್ನು ವೈದ್ಯರ ಮುಂದೆ ಬೆತ್ತಲೆ ನಿಲ್ಲಿಸಲಾಯಿತು. ಮರುವರ್ಷ ಪೋಲೆಂಡ್‌ನ ಎವಾ ಕ್ಲೊಬುಕೊವ್‌ಸ್ಕಾ ವರ್ಣತಂತು ಪರೀಕ್ಷೆಯಲ್ಲಿ ಅನುತ್ತೀರ್ಣರೆಂದು ಹೊರಬಿದ್ದರು. ಆಮೇಲೆ ಅವರು ಮಗುವಿನ ತಾಯಿಯಾದರು. 1985ರಲ್ಲಿ ಕೋಬೆಯ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಹೋದ ಸ್ಪೇನ್‌ನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಸ್ ಪಟಿನ್ಯೊ ಹಿಂದಿನ ಪರೀಕ್ಷೆಯ ಪ್ರಮಾಣಪತ್ರ ಒಯ್ಯಲು ಮರೆತಿದ್ದರು. ಮತ್ತೆ ಪರೀಕ್ಷೆಯಾಗಿ ಗಂಡಿನ ವರ್ಣತಂತು ಕಂಡಿತು. ಗಾಯವಾದಂತೆ ನಟಿಸಿ ಹಿಂದೆ ಸರಿಯಲು ಅವರಿಗೆ ಸೂಚನೆ ಬಂತು. ಮರುವರ್ಷ ಒತ್ತಡಕ್ಕೆ ಮಣಿಯದೆ ರಾಷ್ಟ್ರೀಯ ಕೂಟದಲ್ಲಿ ಓಡಿ ಗೆದ್ದಾಗ ವಿಷಯ ಪತ್ರಿಕೆಗಳಿಗೆ ಸೋರಿತು. ವಿದ್ಯಾರ್ಥಿವೇತನ, ವಸತಿ, ದಾಖಲೆಗಳು ಎಲ್ಲವೂ ಹೋದವು. ಅವರ ದೇಹಕ್ಕೆ ಟೆಸ್ಟೊಸ್ಟೆರಾನ್‌ಗೆ ಸ್ಪಂದಿಸುವ ಶಕ್ತಿಯೇ ಇರಲಿಲ್ಲ, ಅಂದರೆ ಆ ವರ್ಣತಂತಿನಿಂದ ಅವರಿಗೆ ಆಟದಲ್ಲಿ ದಕ್ಕಿದ್ದು ಸೊನ್ನೆ. 1988ರಲ್ಲಿ ಅರ್ಹತೆ ಮರಳಿತು. ಅಷ್ಟರಲ್ಲಿ ಒಳ್ಳೆಯ ವರ್ಷಗಳು ಕಳೆದಿದ್ದವು. 1992ರ ಒಲಿಂಪಿಕ್ಸ್ ಅರ್ಹತೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ತಪ್ಪಿತು. 1996ರ ಅಟ್ಲಾಂಟಾದಲ್ಲಿ 3,387 ಮಹಿಳೆಯರ ಪರೀಕ್ಷೆಯಾಗಿ ಎಂಟು ಮಂದಿಯ ಫಲಿತಾಂಶ ಬೇರೆ ಬಂತು. ಎಂಟೂ ಮಂದಿಗೆ ಸ್ಪರ್ಧಿಸಲು ಅನುಮತಿ ಸಿಕ್ಕಿತು, ಸಿಡ್ನಿ ಕೂಟದ ಹೊತ್ತಿಗೆ ಸಾರಾಸಗಟು ಪರೀಕ್ಷೆಯೇ ನಿಂತಿತು.

ಅದರ ಜಾಗಕ್ಕೆ ಬಂದದ್ದು ಅನುಮಾನ, ಅನುಮಾನ ಬಂದವರಿಗಷ್ಟೇ ಪರೀಕ್ಷೆ. ತಮಿಳುನಾಡಿನ ಶಾಂತಿ ಸೌಂದರರಾಜನ್ ಅವರಿಂದ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಬೆಳ್ಳಿ ಪದಕ ಕಿತ್ತುಕೊಳ್ಳಲಾಯಿತು. ಒಡಿಶಾದ ನೇಕಾರರ ಮಗಳು, ಓಟಗಾರ್ತಿ ದ್ಯುತಿ ಚಾಂದ್ ಅವರನ್ನು ಟೆಸ್ಟೊಸ್ಟೆರಾನ್ ಹೆಚ್ಚಿದೆಯೆಂದು 2014ರಲ್ಲಿ ಕಾಮನ್‌ವೆಲ್ತ್ ತಂಡದಿಂದ ಕೈಬಿಟ್ಟಾಗ ಅವರಿಗೆ ಹದಿನೆಂಟು ವರ್ಷ. ಅವರು ಲೂಸಾನ್‌ನ ಕ್ರೀಡಾ ನ್ಯಾಯ ಮಂಡಳಿಯ ಮೊರೆ ಹೋದರು. ಆಸ್ಟ್ರೇಲಿಯಾದ ನ್ಯಾಯಾಧೀಶೆ ಅನಬೆಲ್ ಬೆನೆಟ್ ಅಧ್ಯಕ್ಷತೆಯ ಪೀಠ 2015ರ ಜುಲೈನಲ್ಲಿ ಕೊಟ್ಟ ತೀರ್ಪು ಈ ವಿಷಯದ ಅತ್ಯುತ್ತಮ ಬರಹ. ಕ್ರೀಡೆಯ ಬಗ್ಗೆ ಮಾತಾಡುವ ಪ್ರತಿಯೊಬ್ಬರೂ ಅದನ್ನು ಓದಬೇಕು. ಪೀಠದ ತರ್ಕದ ಸಾರ ಹೀಗಿದೆ: ಟೆಸ್ಟೊಸ್ಟೆರಾನ್‌ನಿಂದ ಲಾಭವಿದೆ ಎಂದಷ್ಟೇ ತೋರಿಸಿದರೆ ಸಾಲದು, ಎಷ್ಟು ಲಾಭ ಎಂದು ತೋರಿಸಬೇಕು. ಅದು ಗಂಡು ಹೆಣ್ಣಿನ ನಡುವಿನ ಅಂತರಕ್ಕೆ ಸಮೀಪವಿದ್ದರೆ ಹೊರಗಿಡುವುದಕ್ಕೆ ಅರ್ಥವಿದೆ. ಅದಕ್ಕಿಂತ ತೀರ ಕಡಿಮೆಯಿದ್ದರೆ ಒಳ್ಳೆಯ ಆಹಾರ, ಒಳ್ಳೆಯ ತರಬೇತಿ ಕೇಂದ್ರ ಕೊಡುವ ಲಾಭಕ್ಕಿಂತ ಅದು ಹೇಗೆ ಭಿನ್ನ? ಪುರಾವೆ ತರಲು ಅಥ್ಲೆಟಿಕ್ಸ್ ಒಕ್ಕೂಟಕ್ಕೆ ಎರಡು ವರ್ಷ ಕೊಟ್ಟು ಪೀಠ ಟೆಸ್ಟೊಸ್ಟೆರಾನ್ ಮಿತಿಯ ನಿಯಮವನ್ನು ಅಮಾನತಿನಲ್ಲಿಟ್ಟಿತು. ದ್ಯುತಿ ರಿಯೊ ಒಲಿಂಪಿಕ್ಸ್‌ನಲ್ಲಿ ಓಡಿದರು, 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದರು.

ಒಕ್ಕೂಟ ಹೊಸ ನಿಯಮದೊಡನೆ ಮರಳಿತು. 2019ರಲ್ಲಿ ದಕ್ಷಿಣ ಆಫ್ರಿಕಾದ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯಾ ಪ್ರಕರಣದಲ್ಲಿ ಬೆನೆಟ್ ಅವರದೇ ಅಧ್ಯಕ್ಷತೆಯ ಪೀಠ 2–1 ಬಹುಮತದಿಂದ, ನಿಯಮ ತಾರತಮ್ಯದ್ದೇ ಹೌದು, ಆದರೆ ಮಹಿಳಾ ವಿಭಾಗದ ರಕ್ಷಣೆಗೆ ಅಗತ್ಯ ಎಂದು ಎತ್ತಿಹಿಡಿಯಿತು. 2025ರ ಸೆಪ್ಟೆಂಬರ್‌ನಿಂದ ಅಥ್ಲೆಟಿಕ್ಸ್ ಮತ್ತೆ ಜೀನ್ ಪರೀಕ್ಷೆಗೆ ಹಿಂತಿರುಗಿದೆ: ಗಂಡು ಬೆಳವಣಿಗೆಗೆ ಚಾಲನೆ ಕೊಡುವ ಎಸ್‌ಆರ್‌ವೈ ಜೀನ್ ಇದೆಯೇ ಎಂದು ಕೆನ್ನೆಯ ಒಳಭಾಗದ ಮಾದರಿಯಿಂದಲೋ ರಕ್ತದಿಂದಲೋ ಜೀವಮಾನಕ್ಕೊಮ್ಮೆ ನೋಡುತ್ತಾರೆ. ಆ ಜೀನನ್ನು 1990ರಲ್ಲಿ ಪತ್ತೆ ಹಚ್ಚಿದ ಆಂಡ್ರ್ಯೂ ಸಿಂಕ್ಲೇರ್ ಅವರೇ ಈ ಬಳಕೆಯನ್ನು ವಿರೋಧಿಸಿದ್ದಾರೆ. ಪಟಿನ್ಯೊ ಅವರಂಥ ದೇಹಸ್ಥಿತಿಯವರಿಗೆ ಈಗಿನ ನಿಯಮದಲ್ಲಿ ವಿನಾಯಿತಿ ಇದೆ, ಅಷ್ಟು ಪಾಠ ಕಲಿತದ್ದು ಸರಿ. ಉಳಿದದ್ದು ಗುಟ್ಟಿನ ಪ್ರಶ್ನೆ. ಎಲ್ಲರಿಗೂ ಒಂದೇ ಪರೀಕ್ಷೆ, ಅದೂ ಸ್ಪರ್ಧೆಗೆ ಬಹಳ ಮುಂಚೆ, ಫಲಿತಾಂಶ ವೈದ್ಯರು ಮತ್ತು ಕ್ರೀಡಾಪಟುವಿನ ನಡುವೆ ಮಾತ್ರ. ಇಷ್ಟನ್ನು ಖಾತರಿಪಡಿಸಲಾಗದ ಒಕ್ಕೂಟಕ್ಕೆ ಪರೀಕ್ಷೆಯ ಅಧಿಕಾರ ಇರಕೂಡದು. ಹಳ್ಳಿಯಿಂದ ಬಂದ ಹುಡುಗಿಗೆ ತನ್ನ ದೇಹದ ಸತ್ಯ ಟಿ.ವಿ. ಸುದ್ದಿಯಿಂದ ತಿಳಿಯುವಂತಾಗಬಾರದು.

ಗೆರೆಯ ವ್ಯಾಪ್ತಿಗೂ ಮಿತಿ ಬೇಕು. 2014ರ ಸುಪ್ರೀಂ ಕೋರ್ಟ್ ತೀರ್ಪು ಲಿಂಗತ್ವವನ್ನು ವ್ಯಕ್ತಿಯ ಸ್ವನಿರ್ಧಾರಕ್ಕೆ ಬಿಟ್ಟಿತು. 2021ರಲ್ಲಿ ಕರ್ನಾಟಕ ಸರ್ಕಾರ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇ 1 ಮೀಸಲಾತಿ ಕೊಟ್ಟಿತು. ಬದುಕಿನ ಹಕ್ಕಿಗೆ ಸಂಬಂಧಿಸಿದ ಈ ನಿರ್ಧಾರಗಳು ಒಲಿಂಪಿಕ್ ಫೈನಲ್‌ನ ಅರ್ಹತೆಯನ್ನು ತೀರ್ಮಾನಿಸುವುದಿಲ್ಲ. ಒಲಿಂಪಿಕ್ ಫೈನಲ್‌ನ ನಿಯಮವೂ ಶಾಲೆಯ ಮೈದಾನಕ್ಕೆ, ಊರಿನ ಕೂಟಕ್ಕೆ ಇಳಿಯಬೇಕಿಲ್ಲ. ಅಲ್ಲಿ ಆಟದ ಉದ್ದೇಶವೇ ಎಲ್ಲರೂ ಆಡುವುದು.

ದೇಹಬಲದ ಅಂತರವೇ ಇಲ್ಲದ ಆಟಗಳಲ್ಲಂತೂ ಈ ನಿಷೇಧಕ್ಕೆ ಕಾರಣವೇ ಸಿಗದು. 2023ರಲ್ಲಿ ವಿಶ್ವ ಚೆಸ್ ಒಕ್ಕೂಟವೂ ಟ್ರಾನ್ಸ್ ಮಹಿಳೆಯರನ್ನು ಮಹಿಳಾ ಟೂರ್ನಿಗಳಿಂದ ದೂರವಿಟ್ಟಿತು. ಹರೆಯ ಕೊಟ್ಟ ಭುಜದ ಅಗಲ ಚೆಸ್ ಮಣೆಯ ಕುದುರೆ ನಡೆಸಲು ನೆರವಾಗದು. ನಿಜವಾದ ಕುದುರೆ ಸವಾರಿಯಲ್ಲೂ ಒಲಿಂಪಿಕ್ಸ್‌ನಲ್ಲೇ ಗಂಡು ಹೆಣ್ಣು ಒಟ್ಟಿಗೆ ಸ್ಪರ್ಧಿಸುತ್ತಾರೆ. ಶೂಟಿಂಗ್‌ನ ಸ್ಕೀಟ್ ಸ್ಪರ್ಧೆಯೂ ಒಂದು ಕಾಲಕ್ಕೆ ಹಾಗೆಯೇ ಇತ್ತು. 1992ರ ಬಾರ್ಸಿಲೋನಾದಲ್ಲಿ ಚೀನಾದ ಜಾಂಗ್ ಶಾನ್ ಗಂಡಸರನ್ನೆಲ್ಲ ಹಿಂದಿಕ್ಕಿ ಚಿನ್ನ ಗೆದ್ದರು. ಮುಂದಿನ ಒಲಿಂಪಿಕ್ಸ್‌ಗೆ ಆ ಸ್ಪರ್ಧೆ ಪುರುಷರಿಗೆ ಮಾತ್ರ ಎಂದಾಯಿತು, ಮಹಿಳೆಯರ ಸ್ಕೀಟ್ ಇನ್ನೂ ಇರಲಿಲ್ಲ. ಚಾಂಪಿಯನ್‌ಗೆ ತನ್ನ ಪದಕ ಉಳಿಸಿಕೊಳ್ಳಲು ಕಣವೇ ಇಲ್ಲದಂತಾಯಿತು. ಮಹಿಳಾ ಸ್ಕೀಟ್ ಶುರುವಾದದ್ದು 2000ದಲ್ಲಿ, ಸಿಡ್ನಿಯಲ್ಲಿ.