ಐವತ್ತು ಜನರ ಮದುವೆ, ಅರ್ಧ ತುಂಬಿದ ಹೋಟೆಲು

ಕೊರೋನಾ ಕಾಲದ ಸರ್ಕಾರಿ ಆದೇಶಗಳನ್ನೂ ಒಂದು ಸಾಹಿತ್ಯಪ್ರಕಾರವೆಂದು ಎಣಿಸಿ ಯಾರಾದರೂ ವಿಮರ್ಶೆ ಬರೆಯಬೇಕಿತ್ತು. ಕಥೆ, ಕವಿತೆ, ಕಾದಂಬರಿಗಳನ್ನು ನಾವು ಎಷ್ಟು ಜನ ಓದುತ್ತೇವೆಯೋ ಕಾಣೆ, ಆದರೆ ಆ ಆದೇಶಗಳನ್ನು ಓದದ ಮನೆ ಒಂದೂ ಇರಲಿಲ್ಲ. 2020ರ ಮಾರ್ಚಿನಿಂದ 2022ರ ಜನವರಿಯ ತನಕ ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಆದೇಶ, ಮಾರ್ಗಸೂಚಿ, ತಿದ್ದುಪಡಿ, ತಿದ್ದುಪಡಿಗೆ ಇನ್ನೊಂದು ತಿದ್ದುಪಡಿ ಎಂದು ಬರುತ್ತಲೇ ಇದ್ದವು. ಅವುಗಳಲ್ಲಿ ಮದುವೆ, ಸಮಾರಂಭ, ಹೋಟೆಲುಗಳಿಗೆ ಸಂಬಂಧಪಟ್ಟವನ್ನು ನಾನು ಅಚ್ಚು ಹಾಕಿಸಿ ಒಂದು ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ. "ಇದೇನು ರಾಮಾಯಣವೇ, ಇಟ್ಟುಕೊಂಡು ಪಾರಾಯಣ ಮಾಡೋಕೆ?" ಎಂದು ನಮ್ಮ ಮನೆಯವರು ಕೇಳಿದ್ದುಂಟು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ. ಕೆಂಪು ಶಾಯಿಯ ಚಪಲ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಮೊದಲಿಗೆ ಹೇಳಿಬಿಡುತ್ತೇನೆ, ನಿರ್ಬಂಧವೇ ಬೇಡವಾಗಿತ್ತು ಎನ್ನುವವರ ಪೈಕಿ ನಾನಲ್ಲ. 2021ರ ಮೇ ತಿಂಗಳ ಮೊದಲ ವಾರದಲ್ಲಿ ನಮ್ಮ ರಾಜ್ಯದಲ್ಲಿ ಒಂದೇ ದಿನಕ್ಕೆ 50 ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳ ಲೆಕ್ಕ ಬಂತು. ಅದೇ ವಾರ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ರೋಗಿಗಳು ಸತ್ತರು. ಆಗ ಬಾಗಿಲು ಹಾಕಿ ಎಂದವರು ತಪ್ಪು ಹೇಳಲಿಲ್ಲ. ಹಾಗಿದ್ದೂ ಜನ ಯಾಕೆ ಅಷ್ಟು ರೋಸಿಹೋದರು? ನಮ್ಮ ಜನಕ್ಕೆ ಶಿಸ್ತಿಲ್ಲ ಎಂದು ಒಂದು ಮಾತಿನಲ್ಲಿ ಹೇಳಿ ಮುಗಿಸುವುದು ಸುಲಭ. ಆದರೆ ಇದೇ ಜನ 2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ ಎಂದಾಗ ಇಡೀ ದಿನ ಹೊಸಿಲು ದಾಟಲಿಲ್ಲ. ತಟ್ಟೆ ಬಡಿಯಿರಿ ಎಂದರೆ ತಟ್ಟೆಯನ್ನೂ ಬಡಿದರು.

ಆದೇಶಗಳ ಒಕ್ಕಣೆಯನ್ನು ಆಮೇಲೆ ನೋಡೋಣ. ಅವು ಕಳೆಗೆಟ್ಟದ್ದು ನಡತೆಯಲ್ಲಿ. ಕಲಬುರಗಿಯಲ್ಲಿ ದೇಶದ ಮೊದಲ ಕೊರೋನಾ ಸಾವು ಆದ ಮೇಲೆ, 2020ರ ಮಾರ್ಚ್ 13ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಮಾಲು, ಸಿನಿಮಾ ಮಂದಿರ, ಪಬ್ಬುಗಳ ಬಾಗಿಲು ಒಂದು ವಾರ ಹಾಕಿಸಿದರು. ದೊಡ್ಡ ಮದುವೆಗಳೂ ಬೇಡವೆಂದರು. ಎರಡೇ ದಿನಕ್ಕೆ ಬೆಳಗಾವಿಯಲ್ಲಿ ಸಾವಿರಾರು ಜನ ಸೇರಿದ್ದ ಮದುವೆಗೆ ತಾವೇ ಹೋಗಿ ಬಂದರು. ಮುಂದಿನ ತಿಂಗಳು, ದೇಶವೆಲ್ಲ ಲಾಕ್‌ಡೌನಿನಲ್ಲಿ ಇರುವಾಗ, ರಾಮನಗರದ ಕಡೆಯ ತೋಟದ ಮನೆಯಲ್ಲಿ ಮಾಜಿ ಮುಖ್ಯಮಂತ್ರಿಯೊಬ್ಬರ ಮಗನ ಮದುವೆ ಆಯಿತು. ಮುಖಗವಸಿಲ್ಲದ ಆ ನೆಂಟರ ಚಿತ್ರಗಳನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು. ಅತ್ತೆ ಒಡೆದ ಮಡಕೆಗೆ ಬೆಲೆಯಿಲ್ಲ ಎಂದು ನಮ್ಮಲ್ಲಿ ಗಾದೆಯೇ ಇದೆ. ಸೊಸೆಯ ಕೈಯಿಂದ ಜಾರಿದ್ದಕ್ಕೆ ಮಾತ್ರ ದಂಡ.

ಇನ್ನು ಐವತ್ತು ಎಂಬ ಸಂಖ್ಯೆ. ಮದುವೆಗೆ 50, ಶವಸಂಸ್ಕಾರಕ್ಕೆ 20. ಸಂಖ್ಯೆ ಕೇಂದ್ರದಿಂದ ಬಂದದ್ದು. ಅದನ್ನು ಊರೂರಿನ ನಡುಮನೆಗಳಲ್ಲಿ ಕೂತು ಹೆಸರುಗಳಾಗಿ ಬಿಡಿಸಿದವರು ಹೆಂಗಸರು. ನನ್ನ ಸಹೋದ್ಯೋಗಿಯೊಬ್ಬರ ಮಗಳ ಮದುವೆ ಆ ಕಾಲದಲ್ಲೇ ಆಯಿತು. ಪಟ್ಟಿ ಬರೆಯಲು ನನ್ನನ್ನೂ ಕರೆದಿದ್ದರು. ಬೀಗರಿಗೆ ಇಪ್ಪತ್ತೈದು ಎಂದು ಮೊದಲೇ ಎತ್ತಿಟ್ಟಾಯಿತು. ಪುರೋಹಿತರು ಇಬ್ಬರು, ಓಲಗದವರು ನಾಲ್ವರು, ವಿಡಿಯೋದವರು ಇಬ್ಬರು. (ಅಜ್ಜಿಯನ್ನಾದರೂ ಬಿಡಬಹುದು, ವಿಡಿಯೋದವರನ್ನು ಬಿಡುವ ಹಾಗಿಲ್ಲ.) ಅಡುಗೆಯವರ ಸಂಗತಿ ಬಗೆಹರಿಯದೆ ಅನುಮತಿ ಕೊಡುವ ಕಚೇರಿಗೇ ಹೋಗಿ ಕೇಳಿದೆವು.

"ಸಾರ್, ಅಡುಗೆಯವರೂ ಐವತ್ತರ ಲೆಕ್ಕಕ್ಕೆ ಬರ್ತಾರಾ?"

"ಯಾಕಮ್ಮಾ, ಅವರು ಉಸಿರಾಡಲ್ವಾ?"

ಆ ಗುಮಾಸ್ತರ ಉತ್ತರದಲ್ಲಿ ನಾನು ಯಾವ ದೋಷವನ್ನೂ ಕಾಣೆ. ಎರಡು ವರ್ಷದಲ್ಲಿ ಕೇಳಿದ ಸರ್ಕಾರಿ ಮಾತುಗಳಲ್ಲಿ ಅದೇ ಅತ್ಯಂತ ವೈಜ್ಞಾನಿಕವಾದದ್ದು. ಆದರೆ ಅಡುಗೆಯವರು ಆರು ಜನ ಸೇರಿದ ಮೇಲೆ, ಹುಡುಗಿಯ ಅಪ್ಪ, ಅಮ್ಮ, ತಮ್ಮ, ಅಜ್ಜಿಯನ್ನು ಬಿಟ್ಟು ಹೆಣ್ಣಿನ ಕಡೆಗೆ ಉಳಿದದ್ದು ಏಳು ಎಲೆ. ಮೊದಲು ಹೊಡೆದು ಹಾಕಿದ ಹೆಸರು ಯಾವುದು ಗೊತ್ತೇ? ಚಿಕ್ಕಮ್ಮನದು. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಯಲ್ಲಿದ್ದು ಆ ಹುಡುಗಿಗೆ ಎಣ್ಣೆ ಹಚ್ಚಿ ಎರೆದು ಬೆಳೆಸಿದವರು. "ಬೇಜಾರು ಮಾಡ್ಕೋಬೇಡ್ವೇ, ಆರ್ಡರು ಹಂಗಿದೆ" ಎಂದರು ಅಕ್ಕ. "ಬೇಜಾರೇನಕ್ಕಾ, ಮನೆ ಕಾಯೋಕೂ ಒಬ್ರು ಬೇಕಲ್ಲ" ಎಂದರು ಇವರು. ಮಾವನವರ ಸ್ನೇಹಿತರಾದ ಕಂಟ್ರಾಕ್ಟರು ಮತ್ತವರ ಪತ್ನಿಯ ಹೆಸರು ಪಟ್ಟಿಯಲ್ಲಿ ಉಳಿಯಿತು. ಆದೇಶ ಚಿಕ್ಕಮ್ಮನನ್ನು ಬಿಡಿ ಎಂದಿರಲಿಲ್ಲ. ನಮ್ಮ ಮನೆಗಳಲ್ಲಿ ಯಾರು ಮೊದಲು ಬಿಡಬಹುದಾದವರು ಎಂಬುದು ಯಾವತ್ತೋ ತೀರ್ಮಾನವಾಗಿತ್ತು, ಐವತ್ತು ಎಂಬ ಸಂಖ್ಯೆ ಅದನ್ನು ಹಾಳೆಯ ಮೇಲೆ ಬರೆಸಿತು, ಅಷ್ಟೇ. ಈ ಬಗ್ಗೆ ರೊಚ್ಚಿಗೆದ್ದವರನ್ನು ನಾನು ಕಂಡಿಲ್ಲ. ಛತ್ರದ ಮುಂಗಡ ವಾಪಸು ಬರಲಿಲ್ಲವೆಂಬ ರೊಚ್ಚು ಮಾತ್ರ ಎಲ್ಲೆಲ್ಲೂ ಇತ್ತು.

ಖರ್ಚು ಉಳಿಯಿತು ಎಂದು ಒಳಗೊಳಗೇ ಸಂತೋಷಪಟ್ಟ ಹೆಣ್ಣು ಹೆತ್ತವರೂ ಇದ್ದರು, ಸುಳ್ಳು ಹೇಳಬಾರದು. ಆದರೆ ಒಬ್ಬರ ಉಳಿತಾಯ ಎಂದರೆ ಇನ್ನೊಬ್ಬರ ಸಂಪಾದನೆಯೇ ಅಲ್ಲವೇ? ನಮ್ಮೂರಿನ ಅಡುಗೆ ಭಟ್ಟರೊಬ್ಬರಿಗೆ ಮಾಘದಿಂದ ಜ್ಯೇಷ್ಠದವರೆಗಿನ ಲಗ್ನಗಳಲ್ಲಿ ದುಡಿದದ್ದೇ ವರ್ಷದ ಅನ್ನ. 2020ರ ಲಗ್ನಸರಾಯಿ ಹೋಯಿತು, 2021ರದೂ ಹೋಯಿತು. ಸರ್ಕಾರ ಎರಡೂ ವರ್ಷ ಪರಿಹಾರದ ಪಟ್ಟಿ ಹೊರಡಿಸಿತು. ಹೂ ಬೆಳೆದವರು, ಕ್ಷೌರಿಕರು, ಅಗಸರು, ಆಟೋ ಓಡಿಸುವವರು ಅದರಲ್ಲಿದ್ದರು, ಇರಲೇಬೇಕಿತ್ತು. ಮದುವೆಮನೆಯಲ್ಲಿ ಸೌಟು ಹಿಡಿಯುವವರನ್ನು, ಬಡಿಸುವ ಹುಡುಗರನ್ನು, ಎಲೆ ಎತ್ತುವ ಹೆಂಗಸರನ್ನು ನಾನು ಅದರಲ್ಲಿ ಹುಡುಕಿದೆ, ಕಣ್ಣಿಗೆ ಬೀಳಲಿಲ್ಲ. ಭಟ್ಟರ ಹೆಂಡತಿ ಹಪ್ಪಳ, ಚಟ್ನಿಪುಡಿ ಮಾಡಿ ಮನೆಮನೆಗೆ ಕೊಟ್ಟರು.

ಹೋಟೆಲಿನ ಮಾತಿಗೆ ಬರೋಣ. 2020ರ ಜೂನ್ 8ರಿಂದ ಕೂತು ತಿನ್ನಬಹುದು, ಆದರೆ ಅರ್ಧದಷ್ಟು ಕುರ್ಚಿಗಳಲ್ಲಿ ಮಾತ್ರ ಎಂದಾಯಿತು. ಅದಕ್ಕೆ ಮುಂಚೆ ಬರೀ ಪಾರ್ಸೆಲ್ಲು. ಪಾರ್ಸೆಲ್ ಮಸಾಲೆದೋಸೆಯ ಬಗ್ಗೆ ನಮ್ಮ ಗಂಡಸರು ಆಡಿದ ದುಃಖದ ಮಾತುಗಳನ್ನೆಲ್ಲ ಸೇರಿಸಿದರೆ ಒಂದು ಶೋಕಗೀತೆಯ ಸಂಕಲನವಾದೀತು. ಬೆಳಿಗ್ಗೆ ಹತ್ತಕ್ಕೆ ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುವ ಅಭ್ಯಾಸದವರು ಮನೆಯಲ್ಲೇ ಕೂತರು, ಆ ಕಾಫಿಯನ್ನು ಯಾರು ಮಾಡಿದರು ಎಂದು ನಾನು ಹೇಳಬೇಕಾಗಿಲ್ಲ. "ಹೋಟೆಲಿನ ಕಾಫಿ ಬಿಸಿಯಾಗಿರೋದು" ಎಂಬ ಮಾತನ್ನೂ ಅದೇ ಕೈ ಕೇಳಿಸಿಕೊಂಡಿತು. ಆದರೆ ನಗೆಚಾಟಿಕೆಯಲ್ಲಿ ಹೋಟೆಲನ್ನು ತಳ್ಳಿಹಾಕುವುದೂ ಸಲ್ಲದು. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತವಳಿಗೆ, ರೂಮು ಮಾಡಿಕೊಂಡು ಓದುವ ಹುಡುಗಿಗೆ, ಸಂತೆಗೆ ಬಂದ ಹಳ್ಳಿಯವಳಿಗೆ ಕಾಲು ಚಾಚಿ ಹತ್ತು ನಿಮಿಷ ಕೂರಲು ಇದ್ದ ಜಾಗವೂ ಅದೇ ಆಗಿತ್ತು. ಬೆಂಚು ತೆಗೆದು ಹಗ್ಗ ಕಟ್ಟಿದಾಗ ಅವರು ಬಸ್ ಸ್ಟ್ಯಾಂಡಿನ ಮೆಟ್ಟಿಲ ಮೇಲೆ ಕೂತು ಉಪ್ಪಿಟ್ಟು ತಿಂದರು. ಮಾಲೀಕರಿಗೋ ಬಾಡಿಗೆ, ಗ್ಯಾಸು, ಕರೆಂಟು ಅರ್ಧವಾಗಲಿಲ್ಲ. ಗಿರಾಕಿ ಮಾತ್ರ ಅರ್ಧ. ಪಾತ್ರೆ ತೊಳೆಯುವ ಹುಡುಗರು ಕುಂದಾಪುರದ ಕಡೆಗೋ ಇನ್ನೆಲ್ಲಿಗೋ ಹೋದವರು ಹಲವರು ಮರಳಲಿಲ್ಲ.

ಈ ಅರ್ಧ ಕುರ್ಚಿಯ ನಿಯಮಕ್ಕೆ ವಿಮರ್ಶಕಿಯಾಗಿ ನಾನು ಕಡಿಮೆ ಅಂಕ ಕೊಡುತ್ತೇನೆ. ಶುರುವಿನಲ್ಲಿ ರೋಗ ಎಂಜಲಿನ ಹನಿಗಳಿಂದ ಹರಡುತ್ತದೆ, ಆರಡಿ ದೂರ ನಿಂತರೆ ಸಾಕು ಎಂದೇ ಹೆಚ್ಚಾಗಿ ನಂಬಿದ್ದರು. ಆಗಿನ ಮಟ್ಟಿಗೆ ಕುರ್ಚಿ ಎಣಿಸಿದ್ದು ಸರಿಯೇ. ಆದರೆ 2021ರ ಹೊತ್ತಿಗೆ, ಗಾಳಿಯಾಡದ ಒಳಕೋಣೆಯಲ್ಲಿ ಸೋಂಕು ಗಾಳಿಯಲ್ಲೇ ತೇಲುತ್ತದೆ, ದೂರ ಕೂತವರಿಗೂ ತಗಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿತ್ತು. ಹಾಗಾದರೆ ಎಣಿಸಬೇಕಾದದ್ದು ಕಿಟಕಿಗಳನ್ನಲ್ಲವೇ? ಎಸಿ ಹಾಕಿ ಬಾಗಿಲು ಮುಚ್ಚಿದ ದೊಡ್ಡ ಹೋಟೆಲಿನ ಅರ್ಧ ಕುರ್ಚಿಗಿಂತ ಹುಣಸೆಮರದ ಕೆಳಗಿನ ಚಹದಂಗಡಿಯ ಪೂರ್ತಿ ಬೆಂಚು ಮೇಲು. ಆದೇಶ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. 2022ರ ಜನವರಿಯಲ್ಲಿ ಮದುವೆಗೆ ಬಯಲಾದರೆ 200, ಒಳಗಾದರೆ 100 ಎಂದು ಬರೆದಿದ್ದರು. ಅಲ್ಲಿ ಯಾರಿಗೋ ವಿಷಯ ಗೊತ್ತಿತ್ತು ಅಂತಾಯಿತು. ಅದಕ್ಕೊಂದು ಅಂಕ ಹೆಚ್ಚು ಕೊಡುತ್ತೇನೆ.

ರಾತ್ರಿ ಕರ್ಫ್ಯೂವಿನ ಕಥೆ ಹೇಳಿದರೆ ನಗು ಬರುತ್ತದೆ. 2020ರ ಡಿಸೆಂಬರ್ 23ರಂದು, ಗ್ರಾಮ ಪಂಚಾಯಿತಿ ಚುನಾವಣೆಯ ಒಂದು ಹಂತ ಮುಗಿದು ಇನ್ನೊಂದು ಬಾಕಿ ಇರುವಾಗ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಕರ್ಫ್ಯೂ ಎಂದರು. ಆಮೇಲೆ ಅಲ್ಲ, ಹನ್ನೊಂದರಿಂದ ಐದು, ನಾಳೆಯಿಂದ ಎಂದರು. ನಾಳೆ ಬಂತು, ಕರ್ಫ್ಯೂ ಶುರುವಾಗುವ ಮೊದಲೇ ರದ್ದು ಎಂದರು. ಕೊರೋನಾಗೆ ರಾತ್ರಿ ಪಾಳಿಯೇನ್ರೀ ಎಂದು ಬೀದಿಯಲ್ಲಿ ಮಕ್ಕಳೂ ಕೇಳಿದವು. ಹೊಸ ವರ್ಷದ ಕುಡಿತ ಕುಣಿತಗಳ ಜಂಗುಳಿ ತಪ್ಪಿಸಬೇಕು ಎಂಬ ಕಾರಣ ಇಲ್ಲದಿರಲಿಲ್ಲ. ಅದನ್ನು ಬಿಡಿಸಿ ಹೇಳಿದ್ದರೆ ಹಳ್ಳಿಯ ಅಜ್ಜಿಗೂ ಅರ್ಥವಾಗುತ್ತಿತ್ತು. ಲೆಕ್ಕದಲ್ಲಿ ಉತ್ತರ ಬರೆದು ವಿಧಾನ ತೋರಿಸದಿದ್ದರೆ ನಾವು ಏಳನೇ ತರಗತಿಯಲ್ಲೇ ಅಂಕ ಕಳೆಯುತ್ತೇವೆ.

ಇನ್ನೊಂದು ಪದದ ಬಗ್ಗೆ ನನ್ನ ತಕರಾರಿದೆ. ಅದು "ಸಾಮಾಜಿಕ ಅಂತರ". ಬೇರೆ ದೇಶದಲ್ಲಿ ಏನೋ, ನಮ್ಮಲ್ಲಿ ಈ ಮಾತನ್ನು ಬಾಯಿಗೆ ತರುವ ಮುಂಚೆ ನಾಲ್ಕು ಸಲ ಯೋಚಿಸಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚಿನಲ್ಲೇ ದೈಹಿಕ ಅಂತರ ಎನ್ನೋಣ ಎಂದು ಹೇಳಿತ್ತು. ನಮ್ಮ ಫಲಕಗಳು ಮಾತ್ರ ಸಾಮಾಜಿಕ ಅಂತರವನ್ನೇ ಸಾರುತ್ತ ನಿಂತವು. ನಮ್ಮ ಬೀದಿಯಲ್ಲೇ, ಎಷ್ಟೋ ವರ್ಷದಿಂದ ಮನೆಯ ಲೋಟದಲ್ಲೇ ಕಾಫಿ ಕುಡಿಯುತ್ತಿದ್ದ ಕೆಲಸದಾಕೆಗೆ ಹಿತ್ತಿಲ ಗೂಡಿನಲ್ಲಿ ಬೇರೆ ಲೋಟ ಬಂತು. ರೋಗ ಹೋಯಿತು. ಲೋಟ ಗೂಡಿನಲ್ಲೇ ಉಳಿದ ಮನೆಗಳನ್ನು ನಾನು ಬಲ್ಲೆ.

ಯಾರ ಸಿಟ್ಟು ಗೆದ್ದಿತು ಎಂಬುದನ್ನೂ ಇಲ್ಲೇ ನೋಡಬೇಕು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದಾಗ ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಮಿನಲ್ಲಿ ಜನ ದಂಗೆಯೆದ್ದಿದ್ದರು. ನಮ್ಮ ಕಾಲದ ಸಿಟ್ಟು ಹಾಗಿರಲಿಲ್ಲ, ಸಂಘಗಳ ಮೂಲಕ, ಮನವಿಪತ್ರಗಳ ಮೂಲಕ, ಟೀವಿಯ ಮೂಲಕ ಹೋಯಿತು. 2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಹಾಕಿದರು. ಅದರ ನಡುವೆಯೇ ಮೇಕೆದಾಟು ಪಾದಯಾತ್ರೆ ಹೊರಟಿತು, ಹೈಕೋರ್ಟು ಗದರಿದ ಮೇಲೆ ನಿಂತಿತು. ಶನಿವಾರ, ಭಾನುವಾರವೇ ಹೋಟೆಲಿನವರಿಗೆ, ಜವಳಿ ಅಂಗಡಿಯವರಿಗೆ ನಾಲ್ಕು ಕಾಸು ಕಾಣಿಸುವ ದಿನಗಳು. ಅವರು ಒಟ್ಟಾಗಿ ಕೂಗಿದರು, 21ನೇ ತಾರೀಖು ಕರ್ಫ್ಯೂ ತೆಗೆದರು. ಆಸ್ಪತ್ರೆ ಸೇರುವವರು ಕಡಿಮೆ ಎಂಬ ಕಾರಣವನ್ನೂ ಕೊಟ್ಟರು, ಅದು ನಿಜವೂ ಆಗಿತ್ತು. ಅವರ ಗೆಲುವಿಗೆ ನನ್ನ ಅಸೂಯೆಯಿಲ್ಲ.

ಆದರೆ ಫೈಲಿನ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬಾರು, ಪಬ್ಬುಗಳಲ್ಲಿ ಕೂತು ಕುಡಿಯಲು ಅನುಮತಿ ಸಿಕ್ಕಿದ್ದು 2020ರ ಸೆಪ್ಟೆಂಬರ್ 1ರಂದು. ಒಂದನೇ ತರಗತಿಯ ಮಗು ಶಾಲೆಯ ಮಣೆಯ ಮೇಲೆ ಕೂತದ್ದು 2021ರ ಅಕ್ಟೋಬರ್ 25ರಂದು. ನಡುವೆ ಎರಡನೇ ಅಲೆ ಬಂದು ಬಾರುಗಳೂ ಮತ್ತೆ ಮುಚ್ಚಿದ್ದವು, ನಿಜ. ಆದರೆ ಆಗಲೂ ಮೊದಲು ತೆರೆದವು ಅವೇ. ಎರಡನೇ ತರಗತಿಗೆ ಬಂದ ಮಕ್ಕಳು ಹಿಂದೆ ಒಂದು ದಿನವೂ ಶಾಲೆಯ ಗಂಟೆ ಕೇಳಿದವರಲ್ಲ. ಒಬ್ಬ ಹುಡುಗ ಮೂರು ದಿನ ಯಾರೊಡನೆಯೂ ಮಾತಾಡದೆ ಕಿಟಕಿಯ ಸರಳು ಹಿಡಿದು ನಿಂತಿದ್ದ. ಇತರರ ಜೊತೆ ಬೆರೆಯುವುದು ಯಾರ ಹಕ್ಕು ಎಂದು ಟೀವಿಯಲ್ಲಿ ಚರ್ಚೆಯಾದಾಗಲೆಲ್ಲ ಕಾಫಿ ಕ್ಲಬ್ಬಿನವರು ಮಾತಾಡಿದರು. ಆರು ವರ್ಷದವರಿಗೆ ಸಂಘವಿಲ್ಲ, ಅಧ್ಯಕ್ಷರಿಲ್ಲ, ಮನವಿಪತ್ರ ಬರೆಯೋಣವೆಂದರೆ ಅಕ್ಷರವನ್ನೇ ಇನ್ನೂ ಕಲಿತಿರಲಿಲ್ಲ.

ಹೆಂಗಸರದ್ದೂ ಹಾಗೇ ಒಂದು ಬಾಬತ್ತಿದೆ, ಯಾವ ಆದೇಶದಲ್ಲೂ ಅದರ ಹೆಸರಿಲ್ಲ. 2021ರಲ್ಲಿ ಶವಸಂಸ್ಕಾರಕ್ಕೆ ಐದೇ ಜನ ಎಂದಾಗ ಗಂಡಸರು ನೊಂದರು. ನಮ್ಮ ಕಡೆ ಹೆಂಗಸರು ಹೇಗೂ ಸ್ಮಶಾನಕ್ಕೆ ಹೋಗುವವರಲ್ಲ. ನಮ್ಮ ಪಾಲಿನದು ಆಮೇಲಿನದು. ಹತ್ತು ಹದಿನೈದು ದಿನದೊಳಗೆ ಹೋಗಿ, ಕಳೆದುಕೊಂಡವಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ಹೇಗಾಯಿತು ಎಂದು ಕೇಳಿ, ಅವಳು ಹತ್ತನೇ ಸಲ ಹೇಳುವುದನ್ನು ಮೊದಲ ಸಲದಂತೆ ಕೇಳಿಸಿಕೊಂಡು ಬರುವುದು. ಮಾತಾಡಿಸಿಕೊಂಡು ಬರುವುದು ಎನ್ನುತ್ತೇವೆ. ಅದು ಸಮಾರಂಭವಲ್ಲ, ಅತಿಥಿ ಸತ್ಕಾರವಲ್ಲ, ಅಗತ್ಯ ಸೇವೆಯ ಪಟ್ಟಿಯಲ್ಲೂ ಇಲ್ಲ. ಆ ಮೇ ತಿಂಗಳಲ್ಲಿ ನಮ್ಮ ಪರಿಚಯದ ಒಂಬತ್ತು ಮನೆಗಳಲ್ಲಿ ಸಾವಾಯಿತು. ಫೋನಿನಲ್ಲಿ ಮಾತಾಡಿದೆವು. ಅದು ಎಷ್ಟು ಹೊತ್ತು? ಆ ಕಡೆ ಅಳು, ಈ ಕಡೆ ಸುಮ್ಮನೆ.

ದಾರಿ ಬಿಟ್ಟ ಮೇಲೆ ನಾನೂ ನನ್ನ ಸಹೋದ್ಯೋಗಿಯೂ ಒಂದೊಂದಾಗಿ ಆ ಮನೆಗಳಿಗೆ ಹೋದೆವು. ಆರು ತಿಂಗಳಾದ ಮೇಲೆ ಒಂದು ಕಡೆ, ವರ್ಷದ ಮಾಸಿಕವೂ ಮುಗಿದ ಮೇಲೆ ಇನ್ನೊಂದು ಕಡೆ. ಅಷ್ಟು ತಡವಾಗಿ ಹೋದವರಿಗೆ ಏನು ಹೇಳಬೇಕೆಂದು ಅವರಿಗೂ ತೋಚದೆ, ಏನು ಕೇಳಬೇಕೆಂದು ನಮಗೂ ತೋಚದೆ, ಗೋಡೆಯ ಮೇಲಿನ ಫೋಟೋ ನೋಡುತ್ತ ಕೂತೆವು. ಎಲ್ಲರೂ ಕಾಫಿ ಕೊಟ್ಟರು. ಎಂಟು ಮನೆಗಳಾದವು. ಒಂಬತ್ತನೆಯವರು ಮನೆ ಮಾರಿ ಮಗನ ಜೊತೆ ಪುಣೆಗೆ ಹೋಗಿದ್ದಾರೆ, ಅವರನ್ನು ಕಂಡಿಲ್ಲ.