ಸ್ಟೋವಲ್ ತೋಟದ ಹಾಡು, ಮಾತು

ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಎಂದೊಡನೆ ಹೆಚ್ಚಿನ ಕೇಳುಗರ ಕಿವಿಯಲ್ಲಿ ಮೊಳಗುವುದು ಷಿಕಾಗೋದ ಎಲೆಕ್ಟ್ರಿಕ್ ಗಿಟಾರು. 1993ರಲ್ಲಿ ಎಂ.ಸಿ.ಎ./ಚೆಸ್ ಹೊರತಂದ ‘ದಿ ಕಂಪ್ಲೀಟ್ ಪ್ಲಾಂಟೇಷನ್ ರೆಕಾರ್ಡಿಂಗ್ಸ್’ ಅದಕ್ಕೂ ಹಿಂದಿನ ಮಡ್ಡಿಯನ್ನು ಕೇಳಿಸುತ್ತದೆ. 1941ರ ಆಗಸ್ಟ್‌ನಲ್ಲಿ ಮಿಸ್ಸಿಸ್ಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಹತ್ತಿರದ ಸ್ಟೋವಲ್ ಹತ್ತಿ ತೋಟಕ್ಕೆ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಅಲನ್ ಲೋಮ್ಯಾಕ್ಸ್, ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಧ್ವನಿಮುದ್ರಣದ ಯಂತ್ರ ಹೊತ್ತು ಬಂದರು. ಮಡ್ಡಿ ಆಗ ಅಲ್ಲಿ ದುಡಿಯುವ ಆಳು. ಹಾಡಿದ್ದು ತನ್ನ ಮನೆಯಲ್ಲೇ.

ಹಾಡುಗಳು ಚೆನ್ನಾಗಿವೆ. ಆದರೆ ಈ ಸಂಗ್ರಹದ ಜೀವ ಇರುವುದು ಹಾಡುಗಳ ನಡುವೆ ಉಳಿಸಿಕೊಂಡಿರುವ ಮಾತುಕತೆಯಲ್ಲಿ. ‘ಕಂಟ್ರಿ ಬ್ಲೂಸ್’ ಮುಗಿದ ಮೇಲೆ, ಇದು ಎಲ್ಲಿಂದ ಬಂತು ಎಂಬ ಪ್ರಶ್ನೆ ಬರುತ್ತದೆ. ಕಾರಿನ ಪಂಕ್ಚರ್ ಹಾಕುತ್ತಿದ್ದಾಗ ತಾನೇ ಕಟ್ಟಿದ್ದು ಎನ್ನುತ್ತಾನೆ ಮಡ್ಡಿ. ಮಾತು ಮುಂದುವರಿದಂತೆ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್‌ನ ರೆಕಾರ್ಡು ಬರುತ್ತದೆ, ಕಲಿತದ್ದು ಇನ್ನೊಬ್ಬ ಗಾಯಕ ಸನ್ ಹೌಸ್‌ನಿಂದ ಎಂಬುದೂ ಬರುತ್ತದೆ. ಇವುಗಳಲ್ಲಿ ಒಂದನ್ನು ನಿಜ ಮಾಡಿ ಉಳಿದವನ್ನು ಸುಳ್ಳು ಮಾಡಬೇಕಿಲ್ಲ. ಕೇಳಿದ್ದು, ಕಲಿತದ್ದು, ಕಟ್ಟಿದ್ದು ಮೂರೂ ಒಂದೇ ಹಾಡಿನಲ್ಲಿ ಕೂಡಿರುವ ಪರಂಪರೆ ಇದು. ಬ್ಲೂಸ್ ಕುರಿತು ಬಂದಿರುವ ಎಷ್ಟೋ ಪುಸ್ತಕಗಳಿಗಿಂತ ಈ ಕೆಲವು ನಿಮಿಷಗಳು ನನಗೆ ಹೆಚ್ಚು ತಿಳಿಸಿವೆ. ಸಂಪಾದಕರು ಹಾಡಷ್ಟನ್ನೇ ಇಟ್ಟು ಮಾತನ್ನು ಕತ್ತರಿಸಿದ್ದರೆ ದೊಡ್ಡ ನಷ್ಟವಾಗುತ್ತಿತ್ತು. ರೆಕಾರ್ಡಿನ ತಟ್ಟೆಯ ಕರಕರ ಸದ್ದೂ ಇದೆ, ಎರಡನೆಯ ಹಾಡಿನ ಹೊತ್ತಿಗೆ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ.

‘ಐ ಬಿಸ್ ಟ್ರಬಲ್ಡ್’ ಕೇಳಿದ ಮೇಲೆ, 1948ರಲ್ಲಿ ಅದೇ ಹಾಡು ‘ಐ ಕಾಂಟ್ ಬಿ ಸ್ಯಾಟಿಸ್ಫೈಡ್’ ಆಗಿ ಬಂದದ್ದನ್ನೂ ಕೇಳಬೇಕು. ಷಿಕಾಗೋದ ಹಾಡಿಗೆ ಬಾಸ್‌ನ ಬೆಂಬಲವಿದೆ, ವಿದ್ಯುತ್ತಿನ ಹರಿತವಿದೆ. ತೋಟದ ಮನೆಯಲ್ಲಿ ಅದೆಲ್ಲವನ್ನೂ ಒಂದೇ ಗಿಟಾರು ಹೊರುತ್ತದೆ, ದನಿಗೆ ಯಾವ ಅವಸರವೂ ಇಲ್ಲ. ನನಗೆ ತೋಟದ ಹಾಡೇ ಹೆಚ್ಚು ಇಷ್ಟ. ಲೋಮ್ಯಾಕ್ಸ್ ಆಮೇಲೆ ರೆಕಾರ್ಡಿನ ಪ್ರತಿಗಳ ಜೊತೆ 20 ಡಾಲರ್ ಕಳಿಸಿದ. ತನ್ನ ದನಿ ತಟ್ಟೆಯಿಂದ ಬರುವುದನ್ನು ಕೇಳಿದ ಮಡ್ಡಿಗೆ ತಾನೂ ಇದನ್ನು ಮಾಡಬಲ್ಲೆ ಎಂಬ ಧೈರ್ಯ ಬಂತು. 1943ರಲ್ಲಿ ಆತ ಊರು ಬಿಟ್ಟು ಷಿಕಾಗೋ ಸೇರಿದ.

ನನ್ನ ತಕರಾರು ಈ ತಟ್ಟೆಗಳ ಕತೆ ಹೇಳುವ ರೀತಿಯ ಬಗ್ಗೆ. ಎಲ್ಲ ಕಡೆಯೂ ಲೋಮ್ಯಾಕ್ಸ್ ‘ಕಂಡುಹಿಡಿದವ’. ಆದರೆ 1940ರಲ್ಲಿ ಮಿಸ್ಸಿಸ್ಸಿಪ್ಪಿಯ ನ್ಯಾಚೆಜ್‌ನ ನೃತ್ಯಶಾಲೆಗೆ ಬೆಂಕಿ ಬಿದ್ದು ಇನ್ನೂರಕ್ಕೂ ಹೆಚ್ಚು ಕಪ್ಪು ಜನ ಸತ್ತಾಗ, ಆ ದುರಂತದಿಂದ ಹುಟ್ಟುವ ಹಾಡುಗಳನ್ನು ಸಂಗ್ರಹಿಸಬೇಕೆಂದು ಯೋಚಿಸಿದವನು ವರ್ಕ್. ಈ ಧ್ವನಿಮುದ್ರಣಗಳಿಗೆ ದಾರಿಯಾದ ಮಿಸ್ಸಿಸ್ಸಿಪ್ಪಿ ಡೆಲ್ಟಾ ಪ್ರದೇಶದ ಅಧ್ಯಯನಕ್ಕೆ ಬೀಜ ಬಿದ್ದದ್ದು ಅಲ್ಲಿ. ಸ್ವತಃ ಸಂಗೀತ ರಚನಕಾರನಾದ ವರ್ಕ್ ಡೆಲ್ಟಾದ ಹಾಡುಗಳಿಗೆ ಸ್ವರಲಿಪಿಯನ್ನೂ ಬರೆದ. ಆ ಹಸ್ತಪ್ರತಿ ದಶಕಗಳ ಕಾಲ ಕಡತಗಳಲ್ಲಿ ಕಳೆದುಹೋಗಿ, ‘ಲಾಸ್ಟ್ ಡೆಲ್ಟಾ ಫೌಂಡ್’ ಪುಸ್ತಕದಲ್ಲಿ ಅಚ್ಚಾದದ್ದು 2005ರಲ್ಲಿ. ಅಷ್ಟು ಹೊತ್ತಿಗೆ ವರ್ಕ್ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಈ ಹಾಡುಗಳನ್ನು ಇನ್ನೊಮ್ಮೆ ಹೊರತರುವವರು ಆ ಸ್ವರಲಿಪಿಯನ್ನು ತಟ್ಟೆಯ ಜೊತೆಗೇ ಅಚ್ಚು ಹಾಕಲಿ, ವರ್ಕ್ ಹೆಸರನ್ನು ಲೋಮ್ಯಾಕ್ಸ್ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಮುಖಪುಟಕ್ಕೆ ತರಲಿ.